ಮುಗಿಸುವ ಕುದುರೆ

ಬೇಲಿ ಹಾರುವ ಕುದುರೆಯನ್ನು ನಾನು ಎದುರಿಗೆ ನಿಂತು ನೋಡಿಲ್ಲ. ಹತ್ತಿರದಿಂದ ಕಂಡ ಕೊನೆಯ ಕುದುರೆ ಕೋಟೆ ರಸ್ತೆಯ ಮದುವೆ ಮೆರವಣಿಗೆಯೊಂದರಲ್ಲಿ ಬ್ಯಾಂಡಿನ ಸದ್ದಿಗೆ ಬೆದರಿ, ಮದುಮಗನನ್ನು ಹೊತ್ತುಕೊಂಡೇ ಚರಂಡಿಯ ಕಡೆಗೆ ಹಿಮ್ಮೆಟ್ಟುತ್ತಿತ್ತು. ಹೀಗಿದ್ದೂ ನಾಲ್ಕು ಚಳಿಗಾಲಗಳಿಂದ ನಾನು ಇಂಗ್ಲೆಂಡಿನ ಬೇಲಿ ಓಟಗಳ ಮುನ್ನೋಟ ಬರೆದು ಸಂಬಳ ಪಡೆಯುತ್ತಿದ್ದೇನೆ.

ಮೊದಲು ಶಿವಮೊಗ್ಗದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಪುಟಗಳು ಕಡಿಮೆಯಾದವು, ನಾವೂ ಕಡಿಮೆಯಾದೆವು. ಆಮೇಲೆ ಕನ್ನಡದ ಒಂದು ಕ್ರೀಡಾ ಜಾಲತಾಣದಲ್ಲಿ ಈ ಕೆಲಸ ಸಿಕ್ಕಿತು. ದುರ್ಗಿಗುಡಿಯಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿಯ ಮೇಲಿನ ಕೋಣೆ ನನ್ನ ಕಚೇರಿ. ಬೆಳಿಗ್ಗೆ ಹತ್ತಕ್ಕೆ ಅಂದಿನ ಕುದುರೆಗಳ ಪಟ್ಟಿ ತೆರೆಯುತ್ತೇನೆ. ಮಧ್ಯಾಹ್ನ ಎರಡಕ್ಕೆ ಮುನ್ನೋಟ ಹೋಗಬೇಕು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಯಾದಾಗ ನಮಗೆ ಸಂಜೆ ಆರು. ಆಗ ಓಟ ಶುರು.

ಬೇಲಿ ಓಟದಲ್ಲಿ ಕುದುರೆಗಳು ಎರಡು, ಮೂರು ಮೈಲಿ ಓಡುತ್ತ ದಾರಿಗೆ ಅಡ್ಡ ಕಟ್ಟಿದ ಬೇಲಿಗಳನ್ನು ಹಾರುತ್ತವೆ. ಯಾವುದು ಗೆಲ್ಲುತ್ತದೆ ಎನ್ನುವುದಕ್ಕಿಂತ ಮೊದಲು ಎಷ್ಟು ಕುದುರೆಗಳು ಗುರಿ ಮುಟ್ಟುತ್ತವೆ ಎಂದು ಕೇಳಿಕೊಳ್ಳಬೇಕಾದ ಪಂದ್ಯ ಇದು. ನೆಲ ಒದ್ದೆಯೋ ಗಟ್ಟಿಯೋ, ಬೆನ್ನ ಮೇಲಿನ ತೂಕ ಎಷ್ಟು, ಈ ದೂರ ಹಿಂದೆ ಓಡಿದೆಯೋ ಇಲ್ಲವೋ ಎಂದೆಲ್ಲ ನೋಡಿ, ಪ್ರತಿ ಓಟಕ್ಕೂ ಒಂದು ಹೆಸರು ಸೂಚಿಸುವುದು ನನ್ನ ಕೆಲಸ. ಕುದುರೆಯ ಹೆಸರಿನ ಪಕ್ಕ ಒಂದು ಸಾಲು ಅಂಕಿ ಇರುತ್ತದೆ. ಅವು ಹಿಂದಿನ ಓಟಗಳಲ್ಲಿ ಬಂದ ಸ್ಥಾನಗಳು. ಅಂಕಿಗಳ ನಡುವೆ ಅಕ್ಷರ ಬಂದರೆ ಆ ದಿನ ಕುದುರೆ ಓಟ ಮುಗಿಸಲಿಲ್ಲ ಎಂದು ಅರ್ಥ. ಕನ್ನಡಕ್ಕೆ ನಾನೇ ಮೂರು ಅಕ್ಷರ ಗೊತ್ತುಮಾಡಿದ್ದೆ. ಕುದುರೆ ಬಿದ್ದಿದ್ದರೆ ಬಿ. ಕುದುರೆ ಬೀಳದೆ ಸವಾರ ಮಾತ್ರ ಬಿದ್ದಿದ್ದರೆ ಸ. ದಣಿದ ಕುದುರೆಯನ್ನು ಸವಾರನೇ ನಿಲ್ಲಿಸಿದ್ದರೆ ನಿ.

ನನಗೆ ಕೆಲಸ ಕಲಿಸಿದ ಮುಖ್ಯ ಉಪಸಂಪಾದಕರು ಒಂದು ಮಾತು ಹೇಳುತ್ತಿದ್ದರು: "ಆಗಿದ್ದನ್ನ ಬರಿ. ಆಗೋದನ್ನ ಬರೆಯೋಕೆ ಪಂಚಾಂಗದವರಿದ್ದಾರೆ." ಈ ಕೆಲಸಕ್ಕೆ ಸೇರಿದಾಗ ಆ ಮಾತು ನೆನಪಾಗಿತ್ತು. ಅಂಕಿಗಳು ಆಗಿಹೋದವು, ಸೂಚನೆ ಬರಿಯ ಅಂದಾಜು, ಎರಡನ್ನೂ ಬೆರೆಸದಿದ್ದರೆ ಸರಿ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಕೆಳಗಿನ ಟೈಲರ್ ಅಂಗಡಿಯಲ್ಲಿ ಎರಡು ಮೆಷಿನ್. ಒಳಗಿನದು ಮಾಲೀಕರದು, ಎಪ್ಪತ್ತು ದಾಟಿದ ಹಿರಿಯರು. ಬಾಗಿಲ ಪಕ್ಕದ ಮೆಷಿನ್ನಿನಲ್ಲಿ ಕುಳಿತು ಹೊಲಿಯುವ ಹೆಂಗಸಿಗೆ ನಲವತ್ತರ ಆಸುಪಾಸು. ದಿನವೂ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎದುರು ಹೋಟೆಲಿನಿಂದ ಚಹಾ ಬಂದಾಗ ನಾನು ಇಳಿದು ಅವರ ಬೆಂಚಿನ ಮೇಲೆ ಕುಳಿತು ಕುಡಿಯುವುದು ರೂಢಿ. ಕಳೆದ ನವೆಂಬರಿನಲ್ಲಿ ಒಂದು ದಿನ ಮೇಲೆ ಕುಳಿತು ಏನು ಬರೆಯುತ್ತೀರಿ ಎಂದು ಆಕೆ ಕೇಳಿದರು. ಫೋನಿನಲ್ಲಿ ತೋರಿಸಿದೆ. ಸಾಮಾನ್ಯವಾಗಿ ಜನ ಕುದುರೆಗಳ ಹೆಸರು ಓದಿ ನಗುತ್ತಾರೆ. ಆಕೆ ಅಕ್ಷರಗಳ ವಿವರಣೆಯನ್ನು ಎರಡು ಸಲ ಓದಿ ಫೋನು ವಾಪಸು ಕೊಟ್ಟರು.

ಮರುದಿನ ನಾನು ಲೋಟ ಕೆಳಗಿಡುವಷ್ಟರಲ್ಲಿ ಕೇಳಿದರು: "ಸರ್, ಇವತ್ತು ಓಡೋದ್ರಲ್ಲಿ ಮುಗಿಸೋ ಕುದುರೆ ಯಾವುದು ಅಂತ ಹೇಳೋಕಾಗುತ್ತಾ?"

ಗೆಲ್ಲುವ ಕುದುರೆಯೇ ಎಂದು ಕೇಳಿದೆ.

"ಗೆಲ್ಲೋದು ಬೇಡ ಸರ್. ಮುಗಿಸಿದ್ರೆ ಸಾಕು."

ಅಂಥ ಕುದುರೆ ಹೇಳುವುದು ಸುಲಭ. ವರ್ಷಗಟ್ಟಲೆ ಒಂದೂ ಅಕ್ಷರವಿಲ್ಲದ ಸಾಲು ಹುಡುಕಿದರೆ ಆಯಿತು. ಹೇಳಿದೆ. ಸಂಜೆ ಅದು ಆರನೆಯದಾಗಿ ಬಂದು ಮುಗಿಸಿತು. ಮರುದಿನ ಇನ್ನೊಂದು ಕೇಳಿದರು. ನಾಲ್ಕೈದು ದಿನ ಹೀಗೆ ನಡೆದ ಮೇಲೆ, ಏಕೆ ಎಂದು ನಾನು ಕೇಳದಿದ್ದರೂ ಅವರೇ ಹೇಳಿದರು. ಅವರ ತಮ್ಮ ಕೊನೆಗಾರ. ಅಡಿಕೆ ಕೊಯ್ಲಿನ ಮೂರು ತಿಂಗಳು ಮರ ಹತ್ತಿ ಗೊನೆ ಕೊಯ್ಯುವುದು ಅವನ ಕಸುಬು. ಒಂದು ಮರದ ತುದಿಗೆ ಹೋದರೆ ಇಳಿಯುವುದಿಲ್ಲ. ಮರವನ್ನು ತೂಗಿ, ಪಕ್ಕದ ಮರದ ತಲೆ ಹಿಡಿದು, ಅಲ್ಲಿಂದಲೇ ದಾಟುತ್ತಾನೆ. ಬೆಳಿಗ್ಗೆ ಹತ್ತಿದವನು ಸಾಲು ಮುಗಿಸಿ ನೆಲ ಮುಟ್ಟುವುದು ಊಟದ ಹೊತ್ತಿಗೆ. ಅವರ ತಂದೆಯೂ ಅದೇ ಕಸುಬಿನವರು. ಹೊಳಲೂರಿನ ಒಂದು ತೋಟದಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ, ಅವರು ಹೋದರು.

ಈಗ ಉದ್ದದ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು, ಆದರೂ ತಮ್ಮ ಕೇಳುವುದಿಲ್ಲ. ಅದಕ್ಕೇ ಆಕೆ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಸಂಜೆ ಕುದುರೆ ಓಟ ಮುಗಿಸಿದರೆ ಮರುದಿನ ತಮ್ಮ ಮನೆಗೆ ಬರುತ್ತಾನೆ. ಅವನು ನೆಲ ಮುಟ್ಟಿದ ಕೂಡಲೇ ಅಕ್ಕನಿಗೆ ಫೋನು ಮಾಡಬೇಕು ಎಂಬುದೂ ನೇಮ.

ಮಾಲೀಕರು ಕತ್ತರಿ ನಿಲ್ಲಿಸದೆ ಅಂದರು, "ಅಲ್ಲ ಮಾರಾಯ್ತಿ, ಇಂಗ್ಲೆಂಡ್ ಕುದುರೆಗೂ ಅಡಿಕೆ ಮರಕ್ಕೂ ಏನು ಸಂಬಂಧ?"

"ನೀವು ದಿನಾ ಕತ್ತರಿಗೆ ಕುಂಕುಮ ಇಡ್ತೀರಲ್ಲ, ಅದಕ್ಕೂ ರವಿಕೆಗೂ ಇರೋ ಸಂಬಂಧಾನೇ."

ಮುದುಕರು ಬಟ್ಟೆ ಮಗುಚಿ ಕತ್ತರಿಸುವುದನ್ನು ಮುಂದುವರಿಸಿದರು.

ಒಂದು ವಾರದ ಮೇಲೆ ಆಕೆ ಇನ್ನೊಂದು ಕೇಳಿದರು. ಪಟ್ಟಿಯಲ್ಲಿರುವ ಬಿ ಅಕ್ಷರ ತೆಗೆಯಲಾಗುತ್ತದೆಯೇ ಎಂದು. ಅವರ ಮನೆಯಲ್ಲಿ ಕೊಯ್ಲು ಮುಗಿಯುವವರೆಗೆ ಆ ಕ್ರಿಯಾಪದವನ್ನು ಬಾಯಿಂದ ಆಡುವುದಿಲ್ಲವಂತೆ. ಪಾತ್ರೆ ಕೈಜಾರಿದರೂ ಇಳೀತು ಅನ್ನುತ್ತಾರೆ. ಮಳೆಯೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಅಷ್ಟು ದಿನ ಆಕೆ ನನ್ನ ಪಟ್ಟಿಯನ್ನು ಆ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದರು ಎಂಬುದು ಆಗ ಗೊತ್ತಾಯಿತು.

ದಾಖಲೆ ತೆಗೆಯಲಾಗದು ಎಂದೆ. ಮೇಲೆ ಹೋಗಿ ಕುಳಿತೆ. ಅರ್ಧ ಗಂಟೆ ಕಳೆದ ಮೇಲೆ ಅಕ್ಷರ ಬದಲಿಸಿದರೆ ದಾಖಲೆ ಬದಲಾಗುವುದಿಲ್ಲವಲ್ಲ ಅನ್ನಿಸಿತು. ಬಿ ಇದ್ದ ಕಡೆಯೆಲ್ಲ ಇ ಹಾಕಿದೆ. ಕೆಳಗೆ ವಿವರಣೆಯಲ್ಲಿ ‘ಇ: ಬೇಲಿಯಲ್ಲಿ ಇಳಿದದ್ದು’ ಎಂದು ಬರೆದೆ. ಸಂಪಾದಕರು ಫೋನಿನಲ್ಲಿ ಇದೇನು ಎಂದಾಗ, ನಿ ಮತ್ತು ಬಿ ಫೋನಿನ ಪರದೆಯಲ್ಲಿ ಒಂದೇ ಥರ ಕಾಣುತ್ತವೆ ಎಂದೆ. ಅದು ಸುಳ್ಳೇನಲ್ಲ. ಮುನ್ನೋಟದ ಕೊನೆಗೆ ‘ಮುಗಿಸುವ ಕುದುರೆ’ ಎಂಬ ಒಂದು ಸಾಲನ್ನೂ ಸೇರಿಸಿದೆ. ಅದು ಒಬ್ಬರಿಗಾಗಿ ಬರೆದದ್ದು ಎಂದು ಯಾರಿಗೂ ಹೇಳಲಿಲ್ಲ. ಓದುಗರಿಗೆ ಹಿಡಿಸಿತು.

ಆ ಸಾಲಿನ ಕುದುರೆಗಳು ಡಿಸೆಂಬರ್ ಪೂರ್ತಿ ಒಂದೂ ತಪ್ಪಲಿಲ್ಲ. ಬೇಲಿ ಓಟದಲ್ಲಿ ಇದು ಸಹಜವಲ್ಲ. ಎಷ್ಟೇ ನಂಬಿಕಸ್ತ ಕುದುರೆಯಾದರೂ ತಿಂಗಳಲ್ಲಿ ಒಂದೆರಡು ಎಡವುತ್ತವೆ, ಇಲ್ಲವೇ ಮುಂದೆ ಬಿದ್ದ ಕುದುರೆಗೆ ತಗುಲಿ ಉರುಳುತ್ತವೆ. ಒಂದು ಸಂಜೆ ಮೂರು ಕುದುರೆಗಳು ಒಂದೇ ಬೇಲಿಯಲ್ಲಿ ಒಂದರ ಮೇಲೊಂದು ಬಿದ್ದವು. ನಾನು ಸೂಚಿಸಿದ ಕುದುರೆ ಅವುಗಳ ನಡುವಿನ ಖಾಲಿ ಜಾಗದಲ್ಲಿ, ಯಾರೋ ಕೈಹಿಡಿದು ನಡೆಸಿದ ಹಾಗೆ, ಇಳಿದು ಓಡಿತು. ಆ ತುಣುಕನ್ನು ಹಲವು ಸಲ ತಿರುಗಿಸಿ ನೋಡಿದೆ. ಕಾಕತಾಳೀಯ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಕಾಕತಾಳೀಯ ಎಂದು ಬರೆದುಕೊಳ್ಳುವ ಅಗತ್ಯ ನನಗೆ ಅದುವರೆಗೆ ಬಂದಿರಲಿಲ್ಲ.

ಅಮಾವಾಸ್ಯೆಯ ದಿನ ಕೊನೆಗಾರರು ಮರ ಹತ್ತುವುದಿಲ್ಲ. ಅಂಥ ಒಂದು ದಿನ ತಮ್ಮ ಅಕ್ಕನಿಗೆ ಊಟದ ಡಬ್ಬಿ ತಂದುಕೊಟ್ಟು ನನ್ನನ್ನು ನೋಡಲು ಮೇಲೆ ಬಂದ. ಮೂವತ್ತೈದರ ಸಣಕಲು ಆಳು. ಅಂಗೈ ಅಡಿಕೆಯ ಚೊಗರು ರಸ ಹತ್ತಿ ಕಪ್ಪಾಗಿತ್ತು. "ನೀವೇನಾ ಸರ್ ನನ್ನನ್ನ ಕುದುರೆ ಮೇಲೆ ಕೂರಿಸಿರೋರು," ಎಂದು ನಕ್ಕ. ಹಿಂದಿನ ದಿನದ ಓಟಗಳನ್ನು ನಾನು ನೋಡುತ್ತಿದ್ದೆ. ಕುರ್ಚಿ ಎಳೆದುಕೊಂಡು ಅವನೂ ಕುಳಿತ. ಫಲಿತಾಂಶ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಎರಡನೇ ಸುತ್ತಿನಲ್ಲಿ ಅವನು ಒಂದು ಕಂದು ಕುದುರೆಯ ಕಡೆ ಬೆರಳು ತೋರಿಸಿ, "ಇದು ಇಳಿಯುತ್ತೆ," ಅಂದ.

ಮುಂದಿನ ಬೇಲಿಯಲ್ಲಿ ಅದು ಬಿತ್ತು. ಇನ್ನೊಂದು ಓಟ ಹಾಕಿದೆ. ಅದರಲ್ಲಿ ಬಿದ್ದ ಕುದುರೆಯನ್ನೂ ನಾಲ್ಕು ಬೇಲಿ ಮೊದಲೇ ತೋರಿಸಿದ. ಮೂರನೆಯದರಲ್ಲಿ ಯಾವುದೂ ಬೀಳುವುದಿಲ್ಲ ಅಂದ, ಬೀಳಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಬೇರೆಯವೆಲ್ಲ ಬೇಲಿ ನೋಡ್ತವೆ ಸರ್. ಇದು ಬೇಲಿ ಆಚೆ ಯಾರನ್ನೋ ನೋಡ್ತಿತ್ತು."

ಏನನ್ನೋ ಎನ್ನಲಿಲ್ಲ, ಯಾರನ್ನೋ ಅಂದ. ಅದನ್ನು ಹಾಗೇ ಬರೆದುಕೊಂಡೆ. ನೀನು ಮರದ ಮೇಲಿದ್ದಾಗ ನೋಡುತ್ತೀಯಾ ಎಂದೆ. ಅವನು ಅಂಗೈ ತಿಕ್ಕಿಕೊಂಡ. ಹೊಳಲೂರಿನ ಆ ತೋಟ ಪ್ರತಿ ವರ್ಷ ಕಡೆಗೆ ಕೊಯ್ಯುತ್ತಾನಂತೆ. ಅಪ್ಪ ಕಡೆಯದಾಗಿ ಹಿಡಿದಿದ್ದ ಮರ ಒಂದನ್ನು ಮುಟ್ಟದೆ ಪಕ್ಕದ ಮರದಿಂದ ಬಳಸಿಕೊಂಡು ಹೋಗುತ್ತಾನಂತೆ. ಈ ವರ್ಷ ಪಕ್ಕದ ಎರಡು ಮರ ರೋಗ ಬಂದು ಸತ್ತಿದ್ದವು. ಸಾಲು ದಾಟಬೇಕಾದರೆ ಅದರ ಮೇಲೇ ಹೋಗಬೇಕು.

ಅಲ್ಲಿ ಇಳಿದು ಮತ್ತೆ ಹತ್ತಬಹುದಲ್ಲ ಎಂದೆ.

"ಇಳಿದು ಹತ್ತಿದ್ರೆ ಕೊನೆಗಾರ ಅಂತಾರಾ ಸರ್?"

ಜನವರಿ ಮೊದಲ ವಾರ ನನಗೆ ಭದ್ರಾವತಿಯಲ್ಲಿ ಒಂದು ಕೆಲಸವಿತ್ತು. ಹೋದರೆ ಮನೆಗೆ ಬಂದು ಊಟ ಮಾಡಿಕೊಂಡೇ ಹೋಗಬೇಕು ಎಂದು ಆಕೆ ಹೇಳಿದ್ದರು. ಕಾರ್ಖಾನೆ ಕಾಲೊನಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಪಕ್ಕದ ಮನೆಯಲ್ಲಿ ಯಾರೋ ತಮಿಳಿನಲ್ಲಿ ಮಗುವನ್ನು ಗದರುತ್ತಿದ್ದರು. ಅಡುಗೆಮನೆಯ ಬಾಗಿಲ ಪಕ್ಕ ಎರಡು ಕ್ಯಾಲೆಂಡರ್ ತೂಗುಹಾಕಿದ್ದರು. ಒಂದು ಈ ವರ್ಷದ್ದು. ಇನ್ನೊಂದರ ಕಾಗದ ಹಳದಿಯಾಗಿ, ಅಂಚು ಸುರುಳಿ ಸುತ್ತಿತ್ತು. ಅದರ ದಿನದ ಚೌಕಗಳಲ್ಲಿ ಸಾಲಾಗಿ ಪೆನ್ಸಿಲಿನಿಂದ ಒಂದೇ ಅಕ್ಷರ: ಇ.

ನನ್ನ ಪಟ್ಟಿಯ ಅಕ್ಷರ ಅಲ್ಲಿ ಹೇಗೆ ಬಂತು ಎಂದು ಒಂದು ಕ್ಷಣ ನಿಂತುಬಿಟ್ಟೆ. ಅದು ನಾನು ಗೊತ್ತುಮಾಡಿದ್ದಕ್ಕಿಂತ ಇಪ್ಪತ್ತು ವರ್ಷ ಹಳೆಯ ಬರಹ.

ಆಕೆ ತಟ್ಟೆ ಇಡುತ್ತಾ ಹೇಳಿದರು. ಅದು ತಾಯಿಯ ಬರಹ. ಅಪ್ಪ ಮರ ಹತ್ತಿದ ದಿನಗಳಲ್ಲೆಲ್ಲ ಇಳಿದರು ಎಂಬುದಕ್ಕೆ ಅಮ್ಮ ಗುರುತು ಹಾಕುತ್ತಿದ್ದರು. ಸಾಲು ಒಂದು ದಿನಾಂಕದ ಹತ್ತಿರ ನಿಂತಿತ್ತು. ನಂತರದ ಚೌಕಗಳೆಲ್ಲ ಖಾಲಿ. ಅಪ್ಪ ತೀರಿಕೊಂಡಿದ್ದು ಆ ಖಾಲಿ ಚೌಕಗಳಲ್ಲಿ ಮೊದಲನೆಯ ದಿನವೇ ಎಂದು ಕೇಳಿದೆ.

"ಅಲ್ಲ ಸರ್. ಅಕ್ಷರ ಇರೋದ್ರಲ್ಲಿ ಕಡೇದು," ಅಂದರು. "ಅವತ್ತೂ ಇಳಿದ್ರಲ್ಲ."

ಅನ್ನ ಬಡಿಸಿದರು. ಸೊಪ್ಪಿನ ಸಾರು ಚೆನ್ನಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಮಾಡಿದ ತಪ್ಪು ಸ್ಪಷ್ಟವಾಯಿತು. ಆ ಮನೆಯಲ್ಲಿ ಇ ಎಂಬುದಕ್ಕೆ ಕ್ಷೇಮವಾಗಿ ಇಳಿದದ್ದು, ಬಿದ್ದದ್ದು ಎಂದು ಮೊದಲೇ ಎರಡು ಅರ್ಥವಿತ್ತು, ಅದನ್ನೇ ನಾನು ಊರಿಗೆಲ್ಲ ಹಂಚುತ್ತಿದ್ದೆ. ತಿದ್ದಬೇಕು ಅಂದುಕೊಂಡೆ. ಕೊಯ್ಲು ಮುಗಿಯಲು ಹದಿನೈದು ದಿನವಷ್ಟೇ ಇತ್ತು. ಆಮೇಲೆ ತಿದ್ದಿದರಾಯಿತು ಎಂದು ಬಿಟ್ಟೆ.

ಹೊಳಲೂರಿನ ತೋಟ ಕೊಯ್ಯುವ ಹಿಂದಿನ ದಿನದ ಮುನ್ನೋಟ ಇನ್ನೂ ನನ್ನ ಬಳಿ ಇದೆ. ನೆಲ ತುಂಬ ಮೆತ್ತಗೆ, ಬೆಳಿಗ್ಗೆಯೂ ಮಳೆಯಾಗಿದೆ, ಗೊರಸು ಹೂಳುತ್ತದೆ ಎಂದು ಶುರು. ಮೊದಲ ಓಟ ಎರಡು ಮೈಲಿಯ ತಗ್ಗು ಬೇಲಿಗಳದು. ಹಿಂದಿನ ಎರಡು ಓಟದಲ್ಲಿ ಮೂರನೇ ಸ್ಥಾನ ಬಂದ ಐದು ವರ್ಷದ ಕುದುರೆಗೆ ತೂಕ ಕಡಿಮೆಯಾಗಿದೆ, ಸೂಚಿಸಬಹುದು. ಎರಡನೆಯದರಲ್ಲಿ ಜನರ ಮೆಚ್ಚಿನ ಕುದುರೆ ಕೆಸರಿನಲ್ಲಿ ಒಮ್ಮೆಯೂ ಗೆದ್ದಿಲ್ಲ, ನಂಬಬೇಡಿ. ನಾಲ್ಕನೆಯದಕ್ಕೆ ಆರೇ ಕುದುರೆಗಳು, ನಿಧಾನದ ಓಟವಾಗುತ್ತದೆ, ಮುಂದೆ ಓಡುವುದಕ್ಕೆ ಅನುಕೂಲ. ಮೂರನೆಯದು ಎತ್ತರದ ಬೇಲಿಗಳ ಮೂರು ಮೈಲಿ ಓಟ, ನಮ್ಮ ಸಮಯ ಏಳಕ್ಕೆ ಹತ್ತು ನಿಮಿಷ. ಅದರಲ್ಲಿ ಹನ್ನೆರಡು ವರ್ಷದ ಬೂದು ಬಣ್ಣದ ಹೆಣ್ಣು ಕುದುರೆಯೊಂದಿತ್ತು. ಅದರ ಸಾಲಿನಲ್ಲಿ ಒಂದೂ ಅಕ್ಷರವಿರಲಿಲ್ಲ. ಗೆಲ್ಲುವ ವಯಸ್ಸು ದಾಟಿದೆ, ಆದರೆ ಬೇಲಿ ಕಂಡರೆ ಹೆಜ್ಜೆ ಎಣಿಸಿಕೊಂಡು ಹಾರುತ್ತದೆ ಎಂದು ಬರೆದು, ಮುಗಿಸುವ ಕುದುರೆ ಎಂದು ಅದನ್ನು ಕೊಟ್ಟೆ.

ಆ ಸಂಜೆ ಆಕೆ ಬಸ್ಸು ಬಿಟ್ಟು ಮೇಲೆ ಬಂದರು. ಮಾಲೀಕರೂ ಅಂಗಡಿ ಬಾಗಿಲು ಅರ್ಧ ಎಳೆದು ಬಂದು ಬಾಗಿಲಲ್ಲಿ ನಿಂತರು.

ಮೊದಲ ಬೇಲಿಯಲ್ಲೇ ಬೂದು ಕುದುರೆ ಮೂಗು ನೆಲಕ್ಕೆ ತಾಗುವಷ್ಟು ಮುಗ್ಗರಿಸಿತು. ಸವಾರ ಕತ್ತಿನ ಮೇಲಿಂದ ಜಾರಿ ಹುಲ್ಲಿನ ಮೇಲೆ ಉರುಳಿದ, ಎದ್ದು ನಿಂತ. ಕುದುರೆ ಬೀಳಲಿಲ್ಲ. ಸವಾರನಿಲ್ಲದ ಕುದುರೆಗಳು ಸಾಮಾನ್ಯವಾಗಿ ಬೇಲಿ ಬಳಸಿಕೊಂಡು ಓಡುತ್ತವೆ, ಇಲ್ಲವೇ ಲಾಯದ ದಾರಿ ಹಿಡಿಯುತ್ತವೆ. ಇದು ಹಾಗೆ ಮಾಡಲಿಲ್ಲ. ಒಂದೊಂದು ಬೇಲಿಗೂ ನೇರ ಬಂದು, ಹೆಜ್ಜೆ ಸರಿಮಾಡಿಕೊಂಡು, ಹಾರಿತು. ತಿರುವುಗಳಲ್ಲಿ ಒಳಗಿನ ಗೆರೆ ಬಿಡಲಿಲ್ಲ. ಲಗಾಮು ಜೋತಾಡದೆ, ಯಾರೋ ಹಿಡಿದಿರುವ ಹಾಗೆ ಬಿಗಿಯಾಗಿತ್ತು. ಜೀನಿನ ಕೊಕ್ಕೆಗೆ ಸಿಕ್ಕಿಕೊಂಡಿರಬೇಕು. ಕೊನೆಯ ಬೇಲಿಯನ್ನು ಎಲ್ಲಕ್ಕಿಂತ ಮೊದಲು ಹಾರಿ, ಖಾಲಿ ಜೀನು ಹೊತ್ತುಕೊಂಡು ಗುರಿ ದಾಟಿ, ಅಲ್ಲಿ ತಾನಾಗಿ ನಿಂತು ಹಿಂದಕ್ಕೆ ನೋಡಿತು.

ಆಮೇಲೆ ಆಕೆ ಕೇಳಿದರು: "ಸರ್, ಮುಗಿಸ್ತೋ ಇಲ್ವೋ?"

ಆ ಪ್ರಶ್ನೆಗೆ ಎರಡು ಅಕ್ಷರದ ಉತ್ತರ ಸಾಕಾಗಿತ್ತು. ನಾನು ಡೆಸ್ಕಿನವನ ಹಾಗೆ ಉತ್ತರಿಸಿದೆ. ಕುದುರೆ ಮುಗಿಸಿದೆ, ಓಟ ಮುಗಿಸಿಲ್ಲ, ದಾಖಲೆಯಲ್ಲಿ ಸ ಎಂದು ಬರುತ್ತದೆ ಎಂದೆ.

ಆಕೆ ಅಲ್ಲೇ ನಿಂತು ತಮ್ಮನಿಗೆ ಫೋನು ಮಾಡಿದರು. ನಾಳೆ ಬೇಡ ಎಂದರು. ಆಚೆಯಿಂದ ಅವನ ನಗು ನನಗೂ ಕೇಳಿಸಿತು. ಕುದುರೆ ಬಂತಲ್ಲ ಅಕ್ಕ, ಸಾಕು ಎನ್ನುತ್ತಿದ್ದ.

"ಕುದುರೆ ಬಂತು ಕಣೋ," ಅಂದರು ಆಕೆ. "ಸವಾರ ಎಲ್ಲಿ?"

ಅವನು ಕೇಳಲಿಲ್ಲ. ಹಾಗಿದ್ದರೆ ನಾನೂ ತೋಟಕ್ಕೆ ಬಂದು ಮರದ ಕೆಳಗೆ ನಿಲ್ಲುತ್ತೇನೆ ಎಂದು ಹೇಳಿ ಫೋನಿಟ್ಟರು. ಮಾಲೀಕರು ರಜ ಕೊಟ್ಟರು. ಏನಾದರೂ ಆದರೆ, ಆಗದಿದ್ದರೂ, ನನಗೆ ತಿಳಿಸಿ ಎಂದು ನಾನು ಹೇಳಿದೆ.

ಮರುದಿನ ಬೆಳಿಗ್ಗೆಯಿಂದ ಕೆಳಗಿನ ಬಾಗಿಲ ಪಕ್ಕದ ಮೆಷಿನ್ ಸದ್ದಿಲ್ಲ. ನಾನು ಪಟ್ಟಿ ತೆರೆದು ಕೆಲಸ ಮಾಡುತ್ತಿದ್ದೆ. ಒಂದು ಇಪ್ಪತ್ತಕ್ಕೆ ಫೋನಿನಲ್ಲಿ ಆಕೆಯ ಸಂದೇಶ ಬಂತು. ಒಂದೇ ಪದ: ಇಳಿದ.

ಬೇರೆ ಯಾರಾದರೂ ಇದನ್ನು ಓದಿದ್ದರೆ ನಿರಾಳವಾಗಿ ಊಟಕ್ಕೆ ಏಳುತ್ತಿದ್ದರು. ನನಗೆ ಆ ಹಳದಿ ಕ್ಯಾಲೆಂಡರಿನ ಕಡೆಯ ಚೌಕ ನೆನಪಾಯಿತು. ಕರೆ ಮಾಡಿದೆ, ಎತ್ತಲಿಲ್ಲ. ಮತ್ತೆರಡು ಸಲ ಮಾಡಿದೆ. ಹೇಗೆ ಇಳಿದ ಎಂದು ಬರೆದು ಕಳಿಸಿದೆ. ಓದಿದ ಗುರುತು ಬೀಳಲಿಲ್ಲ. ತಮ್ಮನ ನಂಬರು ನನ್ನ ಬಳಿ ಇರಲಿಲ್ಲ. ಎರಡಕ್ಕೆ ಮುನ್ನೋಟ ಹೋಗಬೇಕಿತ್ತು. ಉಳಿದ ಓಟಗಳನ್ನು ಬರೆದು, ಕಳಿಸಿ, ಅದು ಪ್ರಕಟವಾದದ್ದನ್ನು ನೋಡಿಕೊಂಡೇ ಸ್ಕೂಟರ್ ಹತ್ತಿದೆ. ಇದನ್ನು ಹೇಳಿಕೊಳ್ಳಲು ಹೆಮ್ಮೆಯೇನಿಲ್ಲ.

ಹೊಳಲೂರು ದಾರಿಯಲ್ಲಿ ಬಿಸಿಲು ಚುರುಕಾಗಿತ್ತು. ಊರು ತಲುಪಿ, ಕೊಯ್ಲು ಎಲ್ಲಿ ನಡೆಯುತ್ತಿದೆ ಎಂದು ಇಬ್ಬರನ್ನು ಕೇಳಿ, ಹೊಳೆಯ ಕಡೆಯ ತೋಟಕ್ಕೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಅಸಹಜವಾಗಿ ಕಂಡದ್ದು ಮೌನ. ಕೊಯ್ಲಿನ ತೋಟದಲ್ಲಿ ಮೇಲಿನವನೂ ಕೆಳಗಿನವರೂ ಕೂಗಾಡುತ್ತಲೇ ಇರುತ್ತಾರೆ. ಇಲ್ಲಿ ಐದಾರು ಜನ ಒಂದು ಮರದ ಸುತ್ತ ಸುಮ್ಮನೆ ನಿಂತು ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಮರದ ತುದಿಯಲ್ಲಿ ಕೊನೆಗಾರ ಕುಳಿತುಕೊಳ್ಳುವ ಸಣ್ಣ ಮಣೆ ಕಟ್ಟಿದ ಹಾಗೇ ಇತ್ತು. ಅದರ ಮೇಲೆ ಯಾರೂ ಇರಲಿಲ್ಲ. ಗಾಳಿಯಿರಲಿಲ್ಲ. ಮಣೆ ಮೆಲ್ಲಗೆ ತೂಗುತ್ತಿತ್ತು.

"ಸರ್," ಎಂದು ನೆಲದ ಕಡೆಯಿಂದ ಧ್ವನಿ ಬಂತು. "ಸವಾರ ಇಲ್ಲಿದಾನೆ. ಕುದುರೆ ಇನ್ನೂ ಓಡ್ತಾ ಇದೆ."

ಅವನು ಸೋಗೆಯ ರಾಶಿಗೆ ಒರಗಿ ಕುಳಿತಿದ್ದ. ಎದೆ, ಹೊಟ್ಟೆ, ಎರಡೂ ತೋಳುಗಳ ಒಳಭಾಗದ ಚರ್ಮ ಕಿತ್ತುಹೋಗಿತ್ತು. ಎಡಗಾಲಿನ ಹರಡು ಊದಿತ್ತು. ಅಕ್ಕ ಪಕ್ಕದಲ್ಲಿ ಕುಳಿತು ಗಾಯಕ್ಕೆ ತಗುಲದ ಹಾಗೆ ಸೆರಗು ಬೀಸುತ್ತಿದ್ದರು. ಪಟ್ಟಣದ ಆಸ್ಪತ್ರೆಗೆ ಹೋಗಲು ತೋಟದವರು ಆಟೋ ತರಲು ಹೋಗಿದ್ದರು.

ನಡೆದದ್ದನ್ನು ಅವನೇ ಹೇಳಿದ. ಅಪ್ಪನ ಮರಕ್ಕೆ ದಾಟಿ, ಕಾಲಿಗೆ ಹಾಕುವ ತಳೆ ಬಿಚ್ಚಿ, ಮಣೆಯ ಮೇಲೆ ನಿಂತು ಮುಂದಿನ ಮರದ ತಲೆಯನ್ನು ಕೊಕ್ಕೆಯಿಂದ ಎಳೆದು ಹಿಡಿದಿದ್ದ. ಕೈ ಬದಲಿಸುವುದಷ್ಟೇ ಬಾಕಿ.

"ಆಚೆ ನೋಡ್ಬಿಟ್ಟೆ ಸರ್," ಅಂದ. ಯಾರನ್ನು ಎಂದು ನಾನು ಕೇಳಲಿಲ್ಲ. ಅಕ್ಕನೂ ಕೇಳಲಿಲ್ಲ.

ನೋಡಿದವನು ಎಳೆದಿದ್ದ ಮರವನ್ನು ಬಿಟ್ಟು, ನಿಂತ ಮರವನ್ನೇ ತಬ್ಬಿ, ತಳೆಯಿಲ್ಲದೆ ಜಾರಿದ. ಕೆಳಗಿನ ಒಂದಾಳೆತ್ತರದಲ್ಲಿ ಹಿಡಿತ ತಪ್ಪಿತು. ಬಿಟ್ಟ ಮರ ಹಿಂದಕ್ಕೆ ಹೋದ ರಭಸಕ್ಕೆ ಅದರ ತಲೆ ಲಟಕ್ಕನೆ ಮುರಿಯಿತು. ಅದು ಗೊನೆಗಳ ಸಮೇತ ಅಲ್ಲೇ ಬಿದ್ದಿತ್ತು. ನಾನು ಹೋಗಿ ನೋಡಿದೆ. ಮುರಿದ ಜಾಗ ಒಳಗೆ ಪೂರ್ತಿ ಕಪ್ಪಾಗಿ ಕೊಳೆತಿತ್ತು, ಹೊರಗಿನಿಂದ ಹಸಿರು. ಆ ಕಡೆ ದಾಟಿದ್ದರೆ ಅವನೂ ಆ ತಲೆಯೂ ಒಟ್ಟಿಗೆ ಬರುತ್ತಿದ್ದರು.

ಎಷ್ಟು ಹೊತ್ತಾಯಿತು ಎಂದು, ಗೊನೆ ಇಳಿಸುವ ಹಗ್ಗವನ್ನು ಕೆಳಗೆ ನಿಂತು ಹಿಡಿಯುವವನನ್ನು ಕೇಳಿದೆ. ಅವನು ಫೋನು ನೋಡಿಕೊಂಡು, ಇ‍ಪ್ಪತ್ತು ನಿಮಿಷವೂ ಆಗಿಲ್ಲ, ಎರಡೂ ಇಪ್ಪತ್ತರ ಸುಮಾರು ಎಂದ. ಗಂಟೆ ಎರಡೂ ಮುಕ್ಕಾಲಿಗೆ ಐದು ನಿಮಿಷವಿತ್ತು.

ನಾನು ಸಂದೇಶ ತೆಗೆದು ಮತ್ತೆ ನೋಡಿದೆ. ಒಂದು ಇಪ್ಪತ್ತು. ಆಕೆಯ ಮುಂದೆ ಹಿಡಿದೆ.

"ಹೌದು ಸರ್. ಆಗ ಅವನು ಇನ್ನೂ ಸಾಲಿನ ಆ ತುದೀಲಿದ್ದ," ಅಂದರು. ಗಾಬರಿಯೇನೂ ಇರಲಿಲ್ಲ. "ಅಮ್ಮ ಕ್ಯಾಲೆಂಡರಲ್ಲಿ ಸಂಜೆ ಬರೀತಿದ್ಲು ಅಂದ್ಕೊಂಡ್ರಾ? ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟೋ ಹೊತ್ತಿಗೇ ಬರೆದುಬಿಡ್ತಿದ್ಲು. ಇಳೀಲಿ ಅಂತ. ನಾನೂ ಬರೆದೆ."

ದಾಖಲೆ ಎಂದು ನಾನು ತಿಳಿದದ್ದು ಮುನ್ನೋಟವಾಗಿತ್ತು. ಅದು ಕಡೆಯ ದಿನವೂ ಸುಳ್ಳಾಗಿರಲಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆಕೆಗೆ ನನಗಿಂತ ಮೊದಲೇ ಗೊತ್ತಿತ್ತು.

"ನೀವೂ ಬರೆದಿದೀರಲ್ಲ ಸರ್," ಎಂದು ಆಕೆ ತಮ್ಮ ಫೋನು ತೋರಿಸಿದರು. ಬ್ಯಾಗಿನಲ್ಲಿಟ್ಟಿದ್ದನ್ನು ಈಗಷ್ಟೇ ತೆಗೆದು, ನನ್ನ ಕರೆಗಳನ್ನು ನೋಡುವ ಮೊದಲು ಅಂದಿನ ಮುನ್ನೋಟ ತೆರೆದಿದ್ದರು. ಐದು ಓಟಗಳ ಸೂಚನೆ ಸರಿಯಾಗಿತ್ತು. ಅದರ ಕೆಳಗೆ, ನನ್ನದೇ ಪುಟದಲ್ಲಿ, ಹೀಗಿತ್ತು:

ಮುಗಿಸುವ ಕುದುರೆ: ಇಳಿದ.

ಫೋನಿನಲ್ಲಿ ಬಂದ ಪದ ತಲೆಯಲ್ಲಿ ಸುತ್ತುತ್ತಿದ್ದಾಗ ಕುದುರೆಯ ಹೆಸರಿನ ಜಾಗದಲ್ಲಿ ಅದನ್ನೇ ಹೊಡೆದಿದ್ದೆ. ಡೆಸ್ಕಿನಲ್ಲಿ ಇಂಥ ತಪ್ಪು ಯಾರು ಮಾಡಿದ್ದರೂ ನಾನು ಬಯ್ಯುತ್ತಿದ್ದೆ. ಅದು ಎರಡು ಗಂಟೆಗೆ ಪ್ರಕಟವಾಗಿದೆ. ಅವನು ನೆಲ ಮುಟ್ಟಿದ್ದು ಎರಡೂ ಇಪ್ಪತ್ತಕ್ಕೆ.

ಆಟೋ ಬಂತು. ಅವನನ್ನು ಎತ್ತಿ ಕೂರಿಸುವಾಗ ಮೇಲಿನ ಮಣೆ ಇಳಿಸೋಣವೇ ಎಂದು ಒಬ್ಬ ಕೇಳಿದ. ಬೇಡ, ಅಪ್ಪನ ಮರದಲ್ಲಿ ಇರಲಿ, ನಾನಿನ್ನು ದೋಟಿ ಹಿಡಿಯುತ್ತೇನೆ ಎಂದ ಅವನು. ಅಕ್ಕ ಅಳಲು ಶುರುಮಾಡಿದ್ದು ಆಗ.

ಸಂಜೆ ಕೋಣೆಗೆ ಬಂದಾಗ ಓದುಗರ ಪ್ರಶ್ನೆಗಳು ಬಂದಿದ್ದವು. ಇಳಿದ ಎಂಬ ಕುದುರೆ ಯಾವ ಓಟದಲ್ಲಿದೆ, ಪಟ್ಟಿಯಲ್ಲಿ ಸಿಗುತ್ತಿಲ್ಲ ಎಂದು ಕೇಳಿದ್ದರು. ಸಂಪಾದಕರೂ ಫೋನು ಮಾಡಿದ್ದರು. ಮರುದಿನದಿಂದ ಇ ತೆಗೆದು ಬಿ ಹಾಕಿದೆ, ಮುಗಿಸುವ ಕುದುರೆ ಸಾಲನ್ನೂ ಕೈಬಿಟ್ಟೆ. ನನ್ನ ಹಳೆಯ ವೃತ್ತಿಯಲ್ಲಿ ತಪ್ಪಾದರೆ ತಿದ್ದುಪಡಿ ಹಾಕಲೇಬೇಕು, ಹಾಕಿದ್ದನ್ನು ಹೇಳಲೇಬೇಕು. ಆ ನಿಯಮವನ್ನು ನಾನು ಒಮ್ಮೆಯೂ ಮುರಿದಿರಲಿಲ್ಲ.

ಆ ಒಂದು ಸಾಲಿಗೆ ತಿದ್ದುಪಡಿ ಹಾಕಿಲ್ಲ. ಅದು ಈಗಲೂ ಹಾಗೇ ಇದೆ.